ಇಪ್ಪತ್ತೆಂಟು ದಿನದ ಯೇಸು

ಒಂದು ರಾತ್ರಿ ನಾನು ಯೇಸುವಾಗಿದ್ದೆ.
ನನಗದು ನೆನಪಿಲ್ಲ,
ಕೊಪ್ಪಲಿಗೆಲ್ಲ ನೆನಪಿದೆ.

ಆ ವರ್ಷ ಊರಲ್ಲಿ ಬೇರೆ ಹಸುಗೂಸಿರಲಿಲ್ಲ.
ಇನ್ನಾಸಪ್ಪನ ಸೊಸೆಗೆ ದಿನ ತುಂಬಿರಲಿಲ್ಲ.
ಗೊಂಬೆ ಇಟ್ಟರಾಯಿತು ಅಂದರು ಫಾದರ್.
ಹಸು ನಿಜ, ಹುಲ್ಲು ನಿಜ, ಕುರಿ ನಿಜ,
ಕೂಸು ಮಾತ್ರ ಪ್ಲಾಸ್ಟಿಕ್ಕಾ ಸ್ವಾಮಿ ಎಂದು
ನನ್ನನ್ನೆತ್ತಿಕೊಂಡು ಬಂದು ನಿಂತಳಂತೆ
ಗುಡಿಯ ಮೆಟ್ಟಿಲ ಮೇಲೆ ಅಜ್ಜಿ ಲೂರ್ದಮ್ಮ.
"ಹೆಣ್ಣಲ್ಲವಾ?" ಯಾರೋ ಕೇಳಿದರು.
"ಬಟ್ಟೆ ಬಿಚ್ಚಿ ನೋಡೋರ್ಯಾರು, ಈ ಚಳೀಲಿ?"

ನಮ್ಮ ಗೋದಲಿ ಅಂದರೆ
ಕೈಗಡದಲ್ಲೇ ಹೂಡಿದ ಸಂಸಾರ.
ಹುಲ್ಲು ಬೋರಲಿಂಗೇಗೌಡರ ಮೆದೆಯದು,
ಕಾಳಿ ಹಸುವೂ ಅವರದೇ.
ಕುರಿ ಮಾಳಿಗಯ್ಯನ ಹಟ್ಟಿಯವು;
ಎಣಿಸಿ ಬಿಡುತ್ತಾನೆ, ಎಣಿಸಿ ಹೊಡೆದುಕೊಂಡು ಹೋಗುತ್ತಾನೆ.
ನಾಳೆ ನಿಮ್ಮ ಹಬ್ಬ, ನಂಬೋದು ಹೆಂಗೆ ಅನ್ನುತ್ತಾನೆ.
ಮೂವರು ಅರಸರ ಕಿರೀಟ
ಮಂಡ್ಯದ ನಾಟಕದಂಗಡಿಯಿಂದ ಬಾಡಿಗೆಗೆ:
ಒಂದು ಕರ್ಣನದು, ಒಂದು ಧರ್ಮರಾಯನದು,
ಮೂರನೆಯದರಲ್ಲಿ ನವಿಲುಗರಿ ಕಿತ್ತ ತೂತು.
ಹೆರೋದನಿಗೆ ಊರ ದುರ್ಯೋಧನನೇ, ಪಟೇಲರ ಚಿಕ್ಕಸಿದ್ದು.
ಹಾರ್ಮೋನಿಯಂ ಇಲ್ಲದೆ ಅವನಿಗೆ ಸಿಟ್ಟು ಬಾರದು,
ಅದಕ್ಕೆಂದೇ ರಾಮಮಂದಿರದ ಹಾರ್ಮೋನಿಯಂ ಕೂಡ
ಬೆತ್ಲೆಹೇಮಿಗೆ ಬಂದಿತ್ತು.

ತೆಂಗಿನ ಮರ ಹತ್ತಿ ನಕ್ಷತ್ರ ಕಟ್ಟಿದವನು
ಲೈನ್‌ಮನ್ ಮಕ್ಬೂಲ್.
ದೇವದೂತ ಬಾಯಿ ತೆರೆಯುವ ಹೊತ್ತಿಗೆ
ಕರೆಂಟು ಹೋಯಿತು.
ಮಕ್ಬೂಲನನ್ನು ಬೈಯುತ್ತಲೇ
ಯಾರೋ ಟ್ರ್ಯಾಕ್ಟರಿನ ದೀಪ ತಿರುಗಿಸಿದರು, ನೇರ
ಕಾಳಿಯ ಕಣ್ಣಿಗೆ.

ಗೂಟ ಕಿತ್ತುಕೊಂಡು ಓಡಿತು ಕಾಳಿ
ನಾಲೆ ಏರಿಯ ಮೇಲೆ.
ಹಿಂದೆ ಸೂಸೆಯಪ್ಪ, ಗಡ್ಡ ಒಂದು ಕೈಲಿ ಹಿಡಿದು,
ಕರ್ಣ, ಧರ್ಮರಾಯ, ಕುರುಬರು,
ಒಂದೇ ರೆಕ್ಕೆಯ ದೇವದೂತರು,
ಟಾರ್ಚು ಹಿಡಿದ ಗೌಡರು, ಪಂಚೆ ಎತ್ತಿಕಟ್ಟಿ ಫಾದರ್.
ಕಬ್ಬಿನ ಗದ್ದೆಯ ಗರಿಗಳು ಕೊಯ್ದವಂತೆ
ಅರಸರ ಮುಖವೆಲ್ಲ.

ಮರಿಯಮ್ಮನಾಗಿದ್ದ ಜೆಸಿಂತಾಗೆ ಹದಿನೈದು ವರ್ಷ.
ಅವಳೂ ಓಡಿದಳು,
ನನ್ನನ್ನು ಪಕ್ಕದವರ ಕೈಗೆ ಕೊಟ್ಟು.

ಪಕ್ಕದವರು ಯಾರು?
ಕತೆ ಇಲ್ಲಿ ಕವಲೊಡೆಯುತ್ತದೆ.
ನಾನೇ ಕಣವ್ವ, ನನ್ನ ಸೆರಗಲ್ಲೇ ಇದ್ದೆ
ಅನ್ನುತ್ತಾಳೆ ಮಕ್ಬೂಲನ ಮನೆಯ ಜೈಬುನ್ನಿಸಾ.
ಕಂಬಳಿ ನಂದು, ಉಚ್ಚೆ ನಿಂದು
ಅನ್ನುತ್ತಾನೆ ಮಾಳಿಗಯ್ಯ.
ಚಿಕ್ಕಸಿದ್ದು ಆಣೆ ಇಟ್ಟು ಹೇಳುತ್ತಾನೆ:
"ಹೆರೋದನ ತೋಳಲ್ಲೇ ನಿದ್ದೆ ಹೊಡೀತಿದ್ದೆ ನೀನು.
ನಾನು ಏನಾರ ಮಾಡಿದ್ನಾ? ನೋಡು!"

ಕಾಳಿ ಸಿಕ್ಕಿದ್ದು ನಿಂಗಪ್ಪನ ಆಲೆಮನೆಯಲ್ಲಿ,
ನೆಮ್ಮದಿಯಾಗಿ ಸೋಗೆ ಮೇಯುತ್ತ.
ಕೊಪ್ಪರಿಗೆ ಕುದಿಯುತ್ತಿತ್ತು.
ಒಲೆ ಬಾಯಿಯ ಬಿಸುಪಿಗೆ
ಒಬ್ಬೊಬ್ಬರೇ ಬಂದು ಕೂತರು,
ಬಾಳೆಲೆ ಚೂರಲ್ಲಿ ಬಿಸಿಬಿಸಿ ಜೋನಿಬೆಲ್ಲ ನೆಕ್ಕಿದರು.
ಒಣಸಿಪ್ಪೆಯ ರಾಶಿಯ ಮೇಲೆ ನನ್ನ ಮಲಗಿಸಿದ್ದರು,
ಅದಂತೂ ಎಲ್ಲರೂ ಒಪ್ಪುವ ಮಾತು.
ಪೂಜೆ ಶುರುವಾಗುವಾಗ ರಾತ್ರಿ ಒಂದೂವರೆ.
ಹಾಡುವವರ ಬಾಯೆಲ್ಲ ಅಂಟಂಟು.

ಈಗ ನಾನು ಡೈರಿಯಲ್ಲಿ ಹಾಲು ಅಳೆಯುತ್ತೇನೆ.
ಬೆಳಗಿನ ಐದೂವರೆಗೆ
ಕ್ಯಾನು ಹಿಡಿದು ಸಾಲು ನಿಂತವರಲ್ಲಿ
ನನ್ನನ್ನು ಎತ್ತಿಕೊಳ್ಳದವರು ಒಬ್ಬರೂ ಇಲ್ಲ.
ಹಾಗಾದರೆ ಎಷ್ಟು ಕೈ ದಾಟಿದೆನೋ ಆ ಕತ್ತಲಲ್ಲಿ!
ಕಾಳಿಯ ಮರಿಮಗಳ ಹಾಲು ಸುರಿಯುತ್ತ ಗೌಡರ ಸೊಸೆ
"ಫ್ಯಾಟು ಒಂಚೂರು ಮುಂದಕ್ಕೆ ಬರಿ, ಯೇಸಪ್ಪ" ಅನ್ನುತ್ತಾಳೆ.
ಬರೆಯುವುದಿಲ್ಲ.
ನಾಲ್ಕು ಪಾಯಿಂಟ್ ಒಂದು ಅಂದರೆ ನಾಲ್ಕು ಪಾಯಿಂಟ್ ಒಂದೇ.

ಅಮ್ಮ ಮಾತ್ರ ಈ ಕತೆ ಹೇಳುವುದಿಲ್ಲ.
ಎಲ್ಲರೂ ಹಸು ಹುಡುಕುವಾಗ
ಅವಳು ನನ್ನನ್ನು ಹುಡುಕುತ್ತಿದ್ದಳು,
ಹಸಿ ಬಾಣಂತಿ, ಬರಿಗಾಲಲ್ಲಿ,
ಮನೆ ಮನೆ, ಗದ್ದೆ ಗದ್ದೆ.

ಈ ಸಲ ಇನ್ನಾಸಪ್ಪನ ಮರಿಮೊಮ್ಮಗ ಯೇಸು.
ಹಾರ್ಮೋನಿಯಂ ಬಂದಿದೆ. ಹೆರೋದನಿಗೆ ಹಲ್ಲಿಲ್ಲ.
ಜನ ಅರಸರನ್ನು ನೋಡುತ್ತಾರೆ, ನಕ್ಷತ್ರ ನೋಡುತ್ತಾರೆ.
ಅಮ್ಮ ಹಸುವಿನ ಪಕ್ಕ ನಿಂತಿದ್ದಾಳೆ
ಹಗ್ಗದ ತುದಿಯನ್ನು
ಮುಂಗೈಗೆ ಎರಡು ಸುತ್ತು ಸುತ್ತಿ.